ಪೆಟ್ರೋಲಿಗೆ ನೀರು ಬಿದ್ದರೆ ಗಲಾಟೆ, ನೀರಿಗೆ ಪೆಟ್ರೋಲ್ ಬಿದ್ದರೆ?

ಪೆಟ್ರೋಲಿನಲ್ಲಿ ನೀರು ಬಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ನಾಲ್ಕು ಬೈಕು ದಾರಿಯಲ್ಲಿ ಕೆಟ್ಟು ನಿಲ್ಲುತ್ತವೆ, ಯಾರೋ ಬಾಟಲಿಯಲ್ಲಿ ಹಿಡಿದು ವಿಡಿಯೊ ಮಾಡುತ್ತಾರೆ, ಬಂಕಿನ ಮುಂದೆ ಜನ ಸೇರುತ್ತಾರೆ. ಸಂಜೆಯೊಳಗೆ ಆಹಾರ ಇಲಾಖೆಯವರು, ಪೊಲೀಸರು, ಕಂಪನಿಯ ಸೇಲ್ಸ್ ಆಫೀಸರ್ ಎಲ್ಲರೂ ಹಾಜರು. ಅದೇ ಟ್ಯಾಂಕಿನ ಅದೇ ತೂತಿನಿಂದ ಪೆಟ್ರೋಲು ಹೊರಗೆ ಹೋಗಿ ಕೆಳಗಿನ ಮನೆಯ ಬಾವಿ ಸೇರಿದರೆ? "ಒಂದು ಅರ್ಜಿ ಕೊಟ್ಟು ಹೋಗಿ, ನೋಡೋಣ."

ಆಷಾಢದಲ್ಲಿ ನೆಲದ ನೀರು ಮೇಲೇರಿದಾಗ ನೀರನ್ನು ಒಳಗೆ ಬಿಡುವ ತೂತು, ಮಾರ್ಚಿನಲ್ಲಿ ನೀರು ಇಳಿದಾಗ ಪೆಟ್ರೋಲನ್ನು ಹೊರಗೆ ಬಿಡದೆ ಇರುತ್ತದೆಯೇ? ಇದನ್ನು ಹೇಳಲು ವಿಜ್ಞಾನಿ ಬೇಕಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಹೀಗೆ ಕೆಟ್ಟ ಬಾವಿ ಯಾವುದಿದೆ ತೋರಿಸಿ ಎಂದು ಸವಾಲು ಹಾಕುವವರಿದ್ದಾರೆ. ತೋರಿಸಬೇಕಾದರೆ ಪರೀಕ್ಷೆ ಆಗಬೇಕಲ್ಲ ಸ್ವಾಮಿ! ಪಂಚಾಯಿತಿಯ ಕಿಟ್ ಗಡಸುತನ, ಕ್ಲೋರೈಡ್, ಫ್ಲೋರೈಡ್, ಕಬ್ಬಿಣ, ನೈಟ್ರೇಟ್ ನೋಡುತ್ತದೆ, ಪೆಟ್ರೋಲನ್ನು ನೋಡುವುದಿಲ್ಲ. ಕುಡಿಯುವ ನೀರಿಗೆಂದು 2012ರಲ್ಲಿ ಹೊರಬಂದ ಐಎಸ್ 10500 ಮಾನದಂಡದ ಪಟ್ಟಿಯಲ್ಲಿ, ಪೆಟ್ರೋಲಿನಲ್ಲಿರುವ ಬೆಂಜೀನಿಗೆ ಪ್ರತ್ಯೇಕ ಮಿತಿಯೇ ಇಲ್ಲ. ಮಿತಿಯೇ ಇಲ್ಲದ ಮೇಲೆ ಮೀರುವ ಪ್ರಶ್ನೆ ಎಲ್ಲಿಂದ ಬರಬೇಕು?

ಲೆಕ್ಕ ನಾನೇ ಹೇಳುತ್ತೇನೆ. ಬಿಎಸ್-6 ಪೆಟ್ರೋಲಿನಲ್ಲಿ ಶೇ 1ರಷ್ಟು ಬೆಂಜೀನ್ ಇರಬಹುದು. ರಕ್ತದ ಕ್ಯಾನ್ಸರ್ ತರುವ ವಸ್ತು ಅದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಅಂದರೆ ಒಂದೇ ಒಂದು ಲೀಟರ್ ಪೆಟ್ರೋಲು ಸುಮಾರು 8.7 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ವಾಸನೆ ಬರುತ್ತಿಲ್ಲವಲ್ಲ ಎನ್ನುವವರೂ ಕೇಳಿಸಿಕೊಳ್ಳಿ: ನೀರಿನಲ್ಲಿರುವ ಬೆಂಜೀನ್ ಮೂಗಿಗೆ ಗೊತ್ತಾಗಬೇಕಾದರೆ ಮಿತಿಯ ಸಾವಿರ ಪಟ್ಟು ಇರಬೇಕು.

ಇನ್ನು ಎಲ್ಲರ ಬಾಯಲ್ಲೂ ಓಡಾಡುವ ಆ ಮಹಾವಾದ: "ಟ್ಯಾಂಕು ಸೋರಿದರೆ ನಷ್ಟ ಬಂಕಿನವರಿಗೇ, ಅವರು ಸುಮ್ಮನಿರುತ್ತಾರೆಯೇ?" ಡಿಪ್ ತೆಗೆಯುವುದನ್ನು ನೋಡಿದ್ದೀರಾ? ಬೆಳಿಗ್ಗೆ ಹುಡುಗನೊಬ್ಬ ಕಬ್ಬಿಣದ ಮುಚ್ಚಳ ಎತ್ತಿ, ತುದಿಗೆ ವಾಟರ್ ಪೇಸ್ಟ್ ಮೆತ್ತಿದ ರಾಡನ್ನು ಇಳಿಸುತ್ತಾನೆ. ನೀರಿದ್ದರೆ ಪೇಸ್ಟಿನ ಬಣ್ಣ ತಿರುಗುತ್ತದೆ. ರಾಡು ಮೇಲೆ ಬಂದ ಕೂಡಲೇ, ಒದ್ದೆ ಗೆರೆ ಆರುವ ಮೊದಲೇ ಅಳತೆ ಓದಿ, ಚಾರ್ಟ್ ನೋಡಿ ಲೀಟರಿನಲ್ಲಿ ಬರೆಯುತ್ತಾನೆ. ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕು ಅರ್ಧ ತುಂಬಿದ್ದಾಗ ಆ ಗೆರೆ ಒಂದೇ ಮಿಲಿಮೀಟರ್ ಆಚೀಚೆಯಾದರೆ ಹತ್ತು ಲೀಟರಿಗೂ ಹೆಚ್ಚು ವ್ಯತ್ಯಾಸ. ಬಂಕಿನ ಪುಸ್ತಕದಲ್ಲಿ ಅದು ಆವಿಯಾಗಿ ಹೋದ ಪೆಟ್ರೋಲು. ಬಾವಿಯ ಲೆಕ್ಕದಲ್ಲಿ 87 ಲಕ್ಷ ಲೀಟರ್ ನೀರು. ಈಗ ಟ್ಯಾಂಕಿನ ಅಳತೆಗೆ ಆಟೊಮೇಷನ್ ಬಂದಿದೆ ಎನ್ನುತ್ತಾರೆ. ಬರಲಿ, ಬಾವಿಗೂ ಒಂದು ಬರಲಿ.

ನಿಯಮ ಇಲ್ಲವೆಂದಲ್ಲ. ಹಸಿರು ನ್ಯಾಯಮಂಡಳಿ ಚುಚ್ಚಿದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಹೊಸ ಬಂಕು ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು. ಜಾಗ ಸಾಲದಿದ್ದರೆ ಹೆಚ್ಚಿನ ಸುರಕ್ಷತೆಯೊಂದಿಗೆ 30. ವಸತಿ ಪ್ರದೇಶ ಎಂದರೆ ಸ್ಥಳೀಯ ಕಾನೂನಿನಲ್ಲಿ ಹಾಗೆಂದು ಗುರುತಾದದ್ದು. ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡ ದಾಟಿ ಇನ್ನೊಂದು ಮನೆ ಇರುವ ಮಲೆನಾಡು ಯಾವ ನಕ್ಷೆಯಲ್ಲಿ ವಸತಿ ಪ್ರದೇಶ? 165 ಲೀಟರಿಗಿಂತ ಹೆಚ್ಚು ಸೋರಿದರೆ ವರದಿ ಮಾಡಬೇಕಂತೆ. ಗುಣಿಸಿ ನೋಡಿ: 14 ಕೋಟಿ ಲೀಟರ್ ನೀರು ಹಾಳಾಗುವವರೆಗೆ ಬಾಯಿ ಮುಚ್ಚಿಕೊಂಡಿರಬಹುದು!

ನಮ್ಮ ನೆಲವೂ ಅಂಥದ್ದೇ. ಧರೆ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಬಂಕು, ಅದರ ಕೆಳಗೆ ಅಡಿಕೆ ತೋಟ, ತೋಟದ ಅಂಚಿಗೆ ಬಾವಿ. ನಡುವೆ ಇರುವುದು ತೂತುತೂತಾದ ಜಂಬಿಟ್ಟಿಗೆ. ಮೇಲೆ ಸುರಿದದ್ದು ಕೆಳಗೆ ಬರಲು ಯಾರ ಪರವಾನಗಿಯೂ ಬೇಡ. ಡಿಸೆಂಬರ್ 29 ಬಂದರೆ ಹಿರೇಕೊಡಿಗೆ ಕುವೆಂಪು ಹುಟ್ಟಿದ ಊರೆಂದು ಭಾಷಣ ಬಿಗಿಯುವವರು ಒಮ್ಮೆ ಜುಲೈನಲ್ಲಿ ಬಂದು, ಇಲ್ಲಿ ಬಾವಿಯ ನೀರು ಎಷ್ಟು ಮೇಲಿರುತ್ತದೆಂದು ಬಗ್ಗಿ ನೋಡಿಹೋಗಲಿ.

ಪಶ್ಚಿಮಘಟ್ಟದ ಕಾಳಜಿ ಸರ್ಕಾರಕ್ಕೆ ಇಲ್ಲವೆಂದು ಯಾರು ಹೇಳಿದರು? ಮನೆ ಮೇಲೆ ಬೀಳುವ ಮರ ಕಡಿಯಲು ಅರ್ಜಿ ಹಿಡಿದು ಅಲೆಯಬೇಕು. ಕಸ್ತೂರಿರಂಗನ್ ವರದಿಯ ಕರಡು ಅಧಿಸೂಚನೆ 2024ರಲ್ಲಿ ಆರನೇ ಸಲ ಬಂತು. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಮದ್ದು ಹೊಡೆದು ಸೋತ ರೈತನಿಗೆ, "ಮೈಲುತುತ್ತ ಸುರಿದು ಹೊಳೆ ಕೆಡಿಸಿದವರು ನೀವೇ" ಎಂಬ ಉಪದೇಶ ಬೇರೆ. ಹುಲಿಗೆ, ಕಾಡಿಗೆ, ಹೊಳೆಗೆ ನಾವೇ ಅಪಾಯ. ಹತ್ತಾರು ಸಾವಿರ ಲೀಟರ್ ಇಂಧನ ನೆಲದೊಳಗೆ ಹೂತಿಟ್ಟವರು ಮಾತ್ರ ಅಭಿವೃದ್ಧಿ.

ಅಮೆರಿಕದವರು 1984ರಲ್ಲಿ ಕಾನೂನು ಮಾಡಿ ಸೋರುವ ಟ್ಯಾಂಕುಗಳನ್ನು ಹುಡುಕಲು ಹೊರಟರು. ಇದುವರೆಗೆ ಸಿಕ್ಕ ಸೋರಿಕೆಗಳು 5 ಲಕ್ಷಕ್ಕೂ ಹೆಚ್ಚು. ಸಾಂಟಾ ಮೋನಿಕಾ ಎಂಬ ನಗರ 1996ರ ವೇಳೆಗೆ ತನ್ನ ಕುಡಿಯುವ ನೀರಿನ ಅರ್ಧದಷ್ಟನ್ನು ಪೆಟ್ರೋಲಿಗೆ ಬೆರೆಸುವ ಒಂದು ರಾಸಾಯನಿಕದಿಂದಾಗಿ ಕಳೆದುಕೊಂಡಿತು. ನಮ್ಮಲ್ಲಿ 1974ರ ಜಲ ಕಾಯ್ದೆ ನೆಲದಡಿಯ ನೀರನ್ನೂ ಕಾಪಾಡುತ್ತೇನೆ ಎನ್ನುತ್ತದೆ. 2024ರಲ್ಲಿ ಅದನ್ನು ತಿದ್ದಿ, ಬಹುತೇಕ ತಪ್ಪುಗಳಿಗೆ ಜೈಲನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡ ಇಟ್ಟರು. ಜೈಲಿಗೆ ಹೆದರದವರು ಇದಕ್ಕೆ ನಡುಗುತ್ತಾರಂತೆ!

ಚಿಕ್ಕಮಗಳೂರಿನ ಮಾಲಿನ್ಯ ಮಂಡಳಿಯವರು ಮೂರೂ ತಾಲ್ಲೂಕಿನ ಪ್ರತಿ ಬಂಕಿನ ಇಳಿಜಾರಿನಲ್ಲಿ ಒಂದು ನಿಗಾ ಕೊಳವೆ ಇಳಿಸಲಿ. ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನೀರು ತೆಗೆಯಲಿ. ಮಿನರಲ್ ವಾಟರ್ ಬಾಟಲಿಯಲ್ಲಿ ಹಿಡಿದು ಬಸ್ಸಿಗೆ ಹಾಕಿ ಕಳಿಸುವುದಲ್ಲ, ಬೆಂಜೀನ್ ದಾರಿಯಲ್ಲೇ ಹಾರಿಹೋಗುತ್ತದೆ. ಗಾಳಿಯ ಗುಳ್ಳೆ ಉಳಿಯದಂತೆ ಗಾಜಿನ ಶೀಶೆಗೆ ತುಂಬಿ, ತಣ್ಣಗಿಟ್ಟು ಒಯ್ಯಬೇಕು. ಫಲಿತಾಂಶ ಪಂಚಾಯಿತಿಯ ಬೋರ್ಡಿಗೆ, ಬಿಲ್ಲು ತೈಲ ಕಂಪನಿಗೆ. ಬಂಕಿನಲ್ಲಿ ಗ್ರಾಹಕರಿಗೆ ಕುಡಿಯುವ ನೀರು ಉಚಿತ ಎಂದು ಬೋರ್ಡು ಹಾಕಿರುತ್ತಾರಲ್ಲ, ಮೊದಲ ಶೀಶೆ ಆ ನಲ್ಲಿಯಿಂದಲೇ ತುಂಬಲಿ.