ಆಟೋಮ್ಯಾಟಿಕ್ ಗಾಡಿಯಲ್ಲಿ ಇಳುಕಲು: ‘ಡಿ’ಗೆ ಹಾಕಿ ಬಿಟ್ಟರೆ ಸಾಲದು

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಮಲೆನಾಡಿನ ತೋಟದ ರಸ್ತೆಗಳಲ್ಲಿ ಗಾಡಿ ಓಡಾಟ ಜಾಸ್ತಿಯಾಗುತ್ತದೆ. ಈಗ ಅವುಗಳಲ್ಲಿ ಆಟೋಮ್ಯಾಟಿಕ್ ಗಾಡಿಗಳೂ ಸಾಕಷ್ಟಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಗೇರ್‌ಬಾಕ್ಸ್ ಜೊತೆ ಬಂದ ಮೇಲೆ ಕ್ಲಚ್ ಪೆಡಲ್ ಇಲ್ಲದ ಕಾರು ಸಣ್ಣ ಬಜೆಟ್ಟಿನವರಿಗೂ ಸಿಕ್ಕಿತು. 2020ರ ಹೊಸ ಥಾರ್, 2023ರ ಜಿಮ್ನಿ ಎರಡೂ ಆಟೋಮ್ಯಾಟಿಕ್‌ನಲ್ಲಿ ಸಿಗುವುದರಿಂದ, ಹಳೇ ಜೀಪು ಮಾತ್ರ ಹೋಗುತ್ತಿದ್ದ ದಾರಿಗೂ ಕ್ಲಚ್ ಇಲ್ಲದ ಗಾಡಿ ಬಂದಾಯಿತು.

ಈ ಗಾಡಿಗಳ ಬಗ್ಗೆ ಊರಲ್ಲಿ ಎರಡು ಮಾತು ಕೇಳುತ್ತೇವೆ. ಹಳೇ ಡ್ರೈವರುಗಳು ಹೇಳುವುದು, ಆಟೋಮ್ಯಾಟಿಕ್ ನಮ್ಮ ಗುಡ್ಡಕ್ಕೆ ಆಗಿಬರಲ್ಲ, ಇಳುಕಲಲ್ಲಿ ಹಿಡಿತವೇ ಇರಲ್ಲ ಅಂತ. ಗಾಡಿ ಮಾರುವವರು ಹೇಳುವುದು, ‘ಡಿ’ಗೆ ಹಾಕಿ ಸಾರ್, ಉಳಿದದ್ದೆಲ್ಲ ಗಾಡಿಯೇ ನೋಡಿಕೊಳ್ಳುತ್ತೆ ಅಂತ. ನಮ್ಮ ಪ್ರಕಾರ ಎರಡೂ ತಪ್ಪು, ಅದರಲ್ಲೂ ಎರಡನೆಯದು ಹೆಚ್ಚು ಅಪಾಯದ್ದು. ಆಟೋಮ್ಯಾಟಿಕ್ ಗಾಡಿಯಲ್ಲಿ ಇಳುಕಲನ್ನು ಚೆನ್ನಾಗಿಯೇ ಇಳಿಯಬಹುದು. ಆದರೆ ಇಳಿಯುವಾಗ ಯಾವ ಗೇರ್ ಇರಬೇಕು ಅನ್ನುವುದನ್ನು ಡ್ರೈವರೇ ತೀರ್ಮಾನಿಸಬೇಕು.

ಯಾಕೆ ಅಂತ ನೋಡಿ. ‘ಡಿ’ಯಲ್ಲಿರುವ ಗೇರ್‌ಬಾಕ್ಸ್ ಮುಖ್ಯವಾಗಿ ಗಮನಿಸುವುದು ಎರಡನ್ನು: ಗಾಡಿಯ ವೇಗ ಎಷ್ಟಿದೆ, ನೀವು ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ. ಇಳುಕಲಿನಲ್ಲಿ ನೀವು ಕಾಲು ತೆಗೆಯುತ್ತೀರಿ, ಗಾಡಿ ಮಾತ್ರ ತಾನಾಗಿ ಓಡುತ್ತದೆ. ಗೇರ್‌ಬಾಕ್ಸಿಗೆ ಅನಿಸುವುದು ‘ಎಂಜಿನ್ ಮೇಲೆ ಭಾರವಿಲ್ಲ, ಮೇಲಿನ ಗೇರಿಗೆ ಹೋದರೆ ಎಣ್ಣೆ ಉಳಿಯುತ್ತೆ’ ಅಂತ. ಹಾಗಾಗಿ ಸೆಕೆಂಡ್, ಥರ್ಡ್ ಅಂತ ಏರುತ್ತಾ ಹೋಗುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿದುಕೊಳ್ಳುವುದಿಲ್ಲ. ಈಚಿನ ಕೆಲವು ಗಾಡಿಗಳು ಇಳಿಜಾರನ್ನು ಗುರುತಿಸಿ ತಾವೇ ಕೆಳಗಿನ ಗೇರಿಗೆ ಬರುತ್ತವೆ, ನಿಜ. ಆದರೆ ಇಳುಕಲು ಶುರುವಾಗಿ ವೇಗ ಏರಿದ ಮೇಲೆ ಅವು ಎಚ್ಚೆತ್ತುಕೊಳ್ಳುತ್ತವೆ. ಮುಂದಿನ ತಿರುವು ನಿಮ್ಮ ಕಣ್ಣಿಗೆ ಕಾಣುತ್ತದೆ, ಗೇರ್‌ಬಾಕ್ಸಿಗೆ ಕಾಣುವುದಿಲ್ಲ.

ಎಂಜಿನ್ ಹಿಡಿಯದಿದ್ದರೆ ಉಳಿಯುವುದು ಬ್ರೇಕ್ ಒಂದೇ. ಬ್ರೇಕ್ ಅಂದರೆ ಗಾಡಿಯ ಓಟವನ್ನು ಬಿಸಿಯಾಗಿ ಬದಲಾಯಿಸುವ ಸಾಧನ. ಆ ಬಿಸಿ ಎಷ್ಟು ಅಂತ ನಾವು ಒಂದು ಲೆಕ್ಕ ಹಾಕಿದೆವು. ಜನ, ಸಾಮಾನು ಎಲ್ಲ ಸೇರಿ 1,800 ಕೆಜಿ ತೂಗುವ ಗಾಡಿ ಗುಡ್ಡದ ನೆತ್ತಿಯಿಂದ 300 ಮೀಟರ್ ಕೆಳಗಿರುವ ಊರಿಗೆ ಬ್ರೇಕ್ ಹಿಡಿದುಕೊಂಡೇ ಇಳಿಯಿತು ಅನ್ನಿ. ಅಷ್ಟರಲ್ಲಿ ಹುಟ್ಟುವ ಬಿಸಿಯಲ್ಲಿ 15 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಅಂದರೆ ಒಂದು ದೊಡ್ಡ ಬಕೆಟ್ ನೀರು! ಸ್ವಲ್ಪ ಪಾಲು ಟಯರಿಗೂ ಗಾಳಿಗೂ ಹೋಗುತ್ತದೆ. ಉಳಿದದ್ದೆಲ್ಲ ಚಕ್ರದೊಳಗಿನ ನಾಲ್ಕು ಸಣ್ಣ ಜಾಗಗಳಲ್ಲೇ ಸೇರಬೇಕು. ಡಾಂಬರು ರಸ್ತೆಯಲ್ಲಿ ವೇಗ ಇರುವುದರಿಂದ ಬ್ರೇಕಿಗೆ ಗಾಳಿಯಾದರೂ ಬಡಿಯುತ್ತದೆ. ಕಲ್ಲು ದಾರಿಯಲ್ಲಿ ನಡಿಗೆಯ ವೇಗದಲ್ಲಿ ಇಳಿಯುವಾಗ ಅದೂ ಇಲ್ಲ.

ಇದರ ಜೊತೆಗೆ ಬ್ರೇಕ್ ಆಯಿಲ್‌ನ ವಿಷಯ ಇದೆ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ಅದರ ಅಳತೆ. ತೇವ ಸೇರಿದ ಮೇಲೆ ಈ ಅಳತೆ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಬರುತ್ತದೆ. ಆಮೇಲೆ ಪೆಡಲ್ ಒತ್ತಿದರೆ ಸ್ಪಂಜು ಒತ್ತಿದ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆರು ತಿಂಗಳು ಮಳೆಯಲ್ಲೇ ಇರುವ ನಮ್ಮಂಥವರು ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಕಡಿಮೆಯಾದಾಗ ಮೇಲಿಂದ ಸ್ವಲ್ಪ ಹಾಕಿಸಿದರೆ ಆಯಿತು ಅಂದುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ತೋಟದ ದಾರಿಗೆ ಇನ್ನೂ ಒಂದು ತೊಂದರೆ ಇದೆ. ಒದ್ದೆ ಕೆಂಪು ಮಣ್ಣು, ಪಾಚಿ ಹಿಡಿದ ಕಲ್ಲು, ಅದರ ಮೇಲೆ ದರಗು. ಅಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ನಿಂತ ಚಕ್ರಕ್ಕೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗದೆ ನೇರ ಜಾರುತ್ತದೆ. ಎಬಿಎಸ್ ಇದ್ದರೆ ಚಕ್ರ ಪೂರ್ತಿ ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ, ಸ್ಟೀರಿಂಗ್ ಕೇಳುತ್ತದೆ. ಆದರೆ ಸಡಿಲ ಜಲ್ಲಿಯ ಮೇಲೆ ಗಾಡಿ ನಿಲ್ಲಲು ಇನ್ನೂ ಹೆಚ್ಚು ದೂರ ಬೇಕಾಗಬಹುದು. ಎಂಜಿನ್ ಹಿಡಿತದಲ್ಲಿ ಚಕ್ರ ನಿಧಾನವಾಗಿ ತಿರುಗುತ್ತಲೇ ಇರುತ್ತದೆ. ಹಳಬರು ‘ಹತ್ತುವ ಗೇರಲ್ಲೇ ಇಳಿಯಬೇಕು’ ಅನ್ನುವುದು ಇದಕ್ಕೇ. ಆ ಮಾತು ಆಟೋಮ್ಯಾಟಿಕ್‌ಗೂ ಅನ್ವಯಿಸುತ್ತದೆ, ಗೇರ್ ಹಾಕುವ ರೀತಿ ಮಾತ್ರ ಬೇರೆ.

ನಿಮ್ಮ ಗಾಡಿಯ ಗೇರ್ ಲಿವರ್ ಪಕ್ಕ ಒಮ್ಮೆ ನೋಡಿ. ‘ಎಲ್’, ‘2’, ‘ಎಸ್’, ‘ಬಿ’, ಅಥವಾ ‘ಎಂ’ ಜೊತೆ ಪ್ಲಸ್ ಮೈನಸ್ ಗುರುತು, ಇವುಗಳಲ್ಲಿ ಯಾವುದಾದರೂ ಇರುತ್ತದೆ. ‘ಎಲ್’ ಅಂದರೆ ಲೋ. ‘ಎಂ’ನಲ್ಲಿ ಮೈನಸ್ ಕಡೆ ತಳ್ಳಿದರೆ ಗೇರ್ ಒಂದೊಂದಾಗಿ ಇಳಿಯುತ್ತದೆ. ತೀರಾ ಕಡಿದಾದ ತೋಟದ ದಾರಿಗೆ ಫಸ್ಟ್, ಸ್ವಲ್ಪ ಸಲೀಸಾದ ದಾರಿಗೆ ಸೆಕೆಂಡ್. ಇದನ್ನು ಇಳುಕಲು ಶುರುವಾಗುವ ಮುಂಚೆಯೇ, ಗಾಡಿ ನಿಧಾನವಾಗಿದ್ದಾಗಲೇ ಹಾಕಿಕೊಳ್ಳಬೇಕು. ವೇಗ ಏರಿದ ಮೇಲೆ ಫಸ್ಟ್ ಕೇಳಿದರೆ ಎಷ್ಟೋ ಗೇರ್‌ಬಾಕ್ಸ್‌ಗಳು ಒಪ್ಪುವುದೇ ಇಲ್ಲ, ಎಂಜಿನ್ ಉಳಿಸಿಕೊಳ್ಳಲು ಮೇಲಿನ ಗೇರಿನಲ್ಲೇ ಇರುತ್ತವೆ.

ಇಷ್ಟು ಮಾಡಿದರೂ ಎಲ್ಲ ಆಟೋಮ್ಯಾಟಿಕ್ ಒಂದೇ ತರ ಹಿಡಿಯುವುದಿಲ್ಲ. ಎಎಂಟಿಯ ಒಳಗಿರುವುದು ನಮ್ಮ ಮಾಮೂಲಿ ಕ್ಲಚ್ಚೇ, ಕಾಲಿನ ಬದಲು ಒಂದು ಯಂತ್ರ ಅದನ್ನು ಒತ್ತುತ್ತದೆ. ಗಾಡಿ ತೀರಾ ನಿಧಾನವಾದರೆ ಎಂಜಿನ್ ಆಫ್ ಆಗದಿರಲಿ ಅಂತ ಅದು ಕ್ಲಚ್ ಬಿಡಿಸುತ್ತದೆ. ಆ ಗಳಿಗೆಯಲ್ಲಿ ಎಂಜಿನ್ ಹಿಡಿತ ಹೋಗಿ ಗಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟ ಹಾಗೆ ಉರುಳುತ್ತದೆ. ಗೊತ್ತಿಲ್ಲದವರಿಗೆ ಎದೆ ಧಸಕ್ ಅನ್ನುವ ಜಾಗ ಇದು. ಎಎಂಟಿಯವರು ನಡಿಗೆ ವೇಗದಲ್ಲಿ ಇಳಿಯುವಾಗ ಬ್ರೇಕ್ ಮೇಲಿನ ಕಾಲನ್ನು ತೆಗೆಯಲೇಬಾರದು. ಥಾರ್, ಜಿಮ್ನಿಗಳಲ್ಲಿರುವ ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯ ಮೂಲಕ ಸಂಪರ್ಕ. ಎಣ್ಣೆ ಸ್ವಲ್ಪ ಜಾರುವುದರಿಂದ ಅದೇ ಗೇರಿನ ಮ್ಯಾನ್ಯುಯಲ್ ಗಾಡಿಯಷ್ಟು ಬಿಗಿ ಹಿಡಿತ ಸಿಗುವುದಿಲ್ಲ. ಹಳೇ ಡ್ರೈವರುಗಳ ದೂರಿನಲ್ಲಿ ನಿಜ ಇರುವುದು ಇಷ್ಟರ ಮಟ್ಟಿಗೆ.

ಅದಕ್ಕೆ ಉತ್ತರ ಎರಡನೇ ಲಿವರ್, ಅಂದರೆ ಫೋರ್ ಲೋ. ಅದನ್ನು ಹಾಕಿದಾಗ ಚಕ್ರದ ಓಟ ಜಿಮ್ನಿಯಲ್ಲಿ ಸುಮಾರು 2 ಪಟ್ಟು, ಥಾರ್‌ನಲ್ಲಿ ಸುಮಾರು ಎರಡೂವರೆ ಪಟ್ಟು ನಿಧಾನವಾಗುತ್ತದೆ, ಎಂಜಿನ್ ಹಿಡಿತ ಅಷ್ಟೇ ಪಟ್ಟು ಹೆಚ್ಚುತ್ತದೆ. ಮುಂದಿನ ಹಿಂದಿನ ಆಕ್ಸಲ್ ಎರಡೂ ಸೇರಿಕೊಳ್ಳುವುದರಿಂದ ಹಿಡಿತ ನಾಲ್ಕೂ ಚಕ್ರಕ್ಕೆ ಹಂಚಿಹೋಗುತ್ತದೆ. ಜನ ಇದನ್ನು ಕೆಸರಲ್ಲಿ ಹೂತುಹೋದಾಗ ಮೇಲೆಳೆಯಲು ಮಾತ್ರ ಅಂದುಕೊಂಡಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಹತ್ತುವುದಕ್ಕಿಂತ ಇಳಿಯುವುದಕ್ಕೇ ಹೆಚ್ಚು ಬೇಕಾದದ್ದು. ಹಾಕುವಾಗ ಗಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಲಿವರ್ ಎಳೆಯಬೇಕು. ಇದನ್ನೂ ಇಳುಕಲಿನ ನೆತ್ತಿಯಲ್ಲಿ, ಸಮತಟ್ಟು ಜಾಗದಲ್ಲಿ ಮಾಡಿ. ಇಳುಕಲಿನ ಮಧ್ಯೆ ನ್ಯೂಟ್ರಲ್ ಮಾಡುವ ಸಾಹಸ ಬೇಡ. ಒಣ ಡಾಂಬರು ಸಿಕ್ಕ ತಕ್ಷಣ ಟೂ ಹೈಗೆ ಮರಳಿ, ಇಲ್ಲದಿದ್ದರೆ ತಿರುವಿನಲ್ಲಿ ಆಕ್ಸಲ್‌ಗಳು ಒಂದನ್ನೊಂದು ಎಳೆದಾಡುತ್ತವೆ.

ಹಿಲ್ ಡಿಸೆಂಟ್ ಕಂಟ್ರೋಲ್ ಅನ್ನುವ ಬಟನ್ ಬಗ್ಗೆ ಬಹಳ ಜನರಿಗೆ ಬಹಳ ನಂಬಿಕೆ. ಜಾರುವ ಕಡಿದಾದ ಚಿಕ್ಕ ಇಳುಕಲಿಗೆ ಅದು ಒಳ್ಳೆಯದೇ. ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕುವ ಕೆಲಸ ಮನುಷ್ಯನ ಕಾಲಿನಿಂದ ಆಗುವಂಥದ್ದಲ್ಲ. ಆದರೆ ಅದು ಬಳಸುವುದೂ ಅದೇ ಬ್ರೇಕನ್ನೇ, ಬಿಸಿಯಾಗುವುದೂ ಅವೇ ಪ್ಯಾಡ್. ಉದ್ದದ ಇಳುಕಲನ್ನು ‘ಡಿ’ಯಲ್ಲೇ ಇಟ್ಟು ಬಟನ್ ಮೇಲೆ ಬಿಟ್ಟರೆ, ಬ್ರೇಕ್ ಒತ್ತುತ್ತಿರುವುದು ನೀವಲ್ಲ, ಕಂಪ್ಯೂಟರ್, ಅಷ್ಟೇ ವ್ಯತ್ಯಾಸ. ಮೊದಲು ಲೋ ಗೇರ್, ಆಮೇಲೆ ಬಟನ್.

ಎಲೆಕ್ಟ್ರಿಕ್ ಕಾರಿನವರಿಗೂ ಒಂದು ಮಾತು. ಇಳಿಯುವಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿ ತುಂಬಿಸುತ್ತಾ ಗಾಡಿಯನ್ನು ಹಿಡಿಯುತ್ತದೆ. ಗುಡ್ಡದ ಮೇಲಿನ ಮನೆಯಲ್ಲಿ ರಾತ್ರಿಯೆಲ್ಲ ಹಾಕಿ 100ಕ್ಕೆ 100 ಚಾರ್ಜ್ ಮಾಡಿಕೊಂಡು ಬೆಳಿಗ್ಗೆ ಇಳಿಯಲು ಹೊರಟರೆ, ತುಂಬಿದ ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ, ಹಿಡಿತ ಕಡಿಮೆಯಾಗುತ್ತದೆ. ನೆತ್ತಿಯ ಮೇಲಿರುವವರು 80, 90ಕ್ಕೇ ಪ್ಲಗ್ ತೆಗೆಯುವುದು ಒಳ್ಳೆಯದು.

ಇನ್ನು ಇಳುಕಲಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತೆ ಅನ್ನುವ ನಂಬಿಕೆ. ಆಟೋಮ್ಯಾಟಿಕ್‌ನಲ್ಲಿ ಬೆರಳಷ್ಟು ತಳ್ಳಿದರೆ ನ್ಯೂಟ್ರಲ್ ಆಗಿಬಿಡುವುದರಿಂದ ಈ ಚಟ ಇನ್ನೂ ಸುಲಭ. ಈಗಿನ ಎಂಜಿನ್‌ಗಳಲ್ಲಿ ಲೆಕ್ಕ ಉಲ್ಟಾ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಕಂಪ್ಯೂಟರ್ ಇಂಧನವನ್ನು ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದ ಹಾಗೆ ಇಂಧನ ಸುಡುತ್ತಲೇ ಇರಬೇಕು. ಲೋ ಗೇರಿನಲ್ಲಿ ಎಂಜಿನ್ ಜೋರಾಗಿ ಕೂಗುವುದನ್ನು ಕೇಳಿ ಹೆದರಬೇಡಿ. ಮೀಟರಿನ ಕೆಂಪು ಗೆರೆ ಮುಟ್ಟದಿದ್ದರೆ ಅದಕ್ಕೆ ಏನೂ ಆಗುವುದಿಲ್ಲ. ಎಂಜಿನ್ ಪೂರ್ತಿ ಆಫ್ ಮಾಡಿ ಇಳಿಯುವವರಂತೂ, ನಾಲ್ಕೈದು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪವರ್ ಸ್ಟೀರಿಂಗೂ ಇರುವುದಿಲ್ಲ ಅನ್ನುವುದನ್ನು ತಿಳಿದಿರಲಿ.

ಇದೆಲ್ಲ ಡ್ರೈವಿಂಗ್ ಕಲಿಯುವಾಗಲೇ ಗೊತ್ತಾಗಬೇಕಾದ ವಿಷಯ ಅನ್ನುವುದೇ ನಮ್ಮ ದೂರು. ಕೇಂದ್ರ ಮೋಟಾರು ವಾಹನ ನಿಯಮಗಳು ಬಂದದ್ದು 1989ರಲ್ಲಿ. ಅದರ 15ನೇ ನಿಯಮ ಲೈಸೆನ್ಸ್ ಪರೀಕ್ಷೆಯಲ್ಲಿ ಏನೇನು ನೋಡಬೇಕು ಅಂತ ಪಟ್ಟಿ ಕೊಡುತ್ತದೆ. ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬದಲಿಸುವುದೂ ಆ ಪಟ್ಟಿಯಲ್ಲಿದೆ. ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ ಹಿಂದಕ್ಕೆ ಜಾರದೆ ಹೊರಡುವುದೂ ಇದೆ. ನಮ್ಮ ಗುಂಪಿನವರು ಪರೀಕ್ಷೆ ಕೊಟ್ಟದ್ದು ಬೇರೆ ಬೇರೆ ತಾಲ್ಲೂಕಿನಲ್ಲಿ. ಎಲ್ಲರಿಗೂ ಸಿಕ್ಕಿದ್ದು ಅಂಗೈಯಂಥ ಮೈದಾನ. ಗುಡ್ಡದ ಜಿಲ್ಲೆಯಲ್ಲಿ ಪರೀಕ್ಷೆಗೆ ಒಂದು ಇಳಿಜಾರು ಸಿಗುವುದಿಲ್ಲವೇ? ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆಗೆ ಬಂದವರಿಗೆ ‘ಎಲ್’ ಹಾಕಿ ತೋರಿಸಿ ಅನ್ನಬೇಕು. ಗಾಡಿಯ ಕೀ ಕೈಗೆ ಕೊಡುವಾಗ ಸನ್‌ರೂಫ್ ತೆರೆಯುವುದನ್ನು ಅರ್ಧ ಗಂಟೆ ತೋರಿಸುವ ಶೋರೂಮಿನವರು ಲೋ ಗೇರಿಗೆ ಐದು ನಿಮಿಷ ಕೊಡಲಿ. ಕೈಪಿಡಿಯ ಆ ಎರಡು ಪುಟವಾದರೂ ಕನ್ನಡದಲ್ಲಿ ಬರಲಿ.

ಮುಳ್ಳಯ್ಯನಗಿರಿ, ಮಾಂದಲಪಟ್ಟಿ ಕಡೆಗೆ ಬರುವ ಪ್ರವಾಸಿಗರಿಗೂ ಇದನ್ನು ಹೇಳಬೇಕು. ಬಯಲುಸೀಮೆಯಿಂದ ಬಂದವರಿಗೆ ಹತ್ತುವಾಗಲೇ ಭಯ, ಇಳಿಯುವಾಗ ಫೋಟೊ ನೋಡಿಕೊಂಡು ಬರುತ್ತಾರೆ. ಕಿರಿದಾದ ಗುಡ್ಡದ ದಾರಿಯಲ್ಲಿ ಇಳಿಯುವ ಗಾಡಿ ಬದಿಗೆ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ದೇಶದ ಚಾಲನಾ ನಿಯಮ. ದಾರಿ ಬಿಡಬೇಕಾದರೆ ನಿಲ್ಲಲು ಆಗುವಷ್ಟು ನಿಧಾನವಾಗಿ ಇಳಿಯುತ್ತಿರಬೇಕಲ್ಲ! ಎದುರಿಗೆ ಬರುವುದು ಕೂಲಿಯವರನ್ನು ತುಂಬಿಕೊಂಡ ಪಿಕಪ್ ಆಗಿರಬಹುದು, ಶಾಲೆ ಮಕ್ಕಳ ಜೀಪಾಗಿರಬಹುದು. ‘ನಿಧಾನವಾಗಿ ಚಲಿಸಿ’ ಅನ್ನುವ ಬೋರ್ಡು ಎಲ್ಲೆಲ್ಲೂ ಇದೆ, ಹೇಗೆ ಅಂತ ಹೇಳುವುದಿಲ್ಲ. ಇಳುಕಲಿನ ನೆತ್ತಿಯಲ್ಲಿ ‘ಲೋ ಗೇರ್ ಹಾಕಿ, ಆಟೋಮ್ಯಾಟಿಕ್ ಆದರೆ ಎಲ್ ಅಥವಾ ಎಂ-1’ ಅಂತ ಬರೆಯಲು ಪಂಚಾಯಿತಿಗೆ ಒಂದು ಡಬ್ಬಿ ಪೇಂಟ್ ಸಾಕು.

ಅಷ್ಟರ ತನಕ, ಇಳಿಯುವಾಗ ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಊರು ಹತ್ತಿರವೇ ಇದೆ ಅಂತ ಮುಂದುವರಿಯಬೇಡಿ. ಜಾಗ ಸಿಕ್ಕಲ್ಲಿ ಧರೆಯ ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಹುಯ್ಯಬೇಡಿ, ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಬ್ರೇಕ್ ಪೂರ್ತಿ ಕೈಕೊಟ್ಟರೆ ಗೇರನ್ನು ಒಂದೊಂದಾಗಿ ಇಳಿಸುತ್ತಾ ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ, ಕಂದಕದ ಕಡೆ ಬಿಟ್ಟು ಧರೆಯ ಕಡೆಗೆ ಗಾಡಿ ಉಜ್ಜಿಸಿ. ಓಡುತ್ತಿರುವ ಗಾಡಿಯನ್ನು ‘ಪಿ’ಗೆ ಹಾಕಿದರೆ ನಿಲ್ಲುವುದಿಲ್ಲ, ಒಳಗಿನ ಸಣ್ಣ ಕೊಂಡಿ ಕಟಕಟ ಅಂತ ಹಾರಿಕೊಂಡು ಮುರಿಯುತ್ತದೆ, ಅಷ್ಟೇ.