ಕೋರ್ಸ್ ಬಿಟ್ಟರೂ ಸಾಲ ಬಿಡಲ್ಲ

ದಾವಣಗೆರೆಯಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಬಿಎಸ್ಸಿ ಮುಗಿಸಿ ಆನ್‌ಲೈನ್‌ನಲ್ಲಿ ಡೇಟಾ ಸೈನ್ಸ್ ಕೋರ್ಸ್ ಸೇರಿದಳು. ಎರಡು ತಿಂಗಳಿಗೆ ಬಿಟ್ಟಳು. ಲೈವ್ ಕ್ಲಾಸ್ ಅಂದವರು ಹಳೇ ರೆಕಾರ್ಡಿಂಗ್ ಹಾಕ್ತಿದ್ರಂತೆ. ಬಿಟ್ಟ ಮೇಲೂ ಪ್ರತಿ ತಿಂಗಳು 5ನೇ ತಾರೀಕು ಚಿಕ್ಕಪ್ಪನ ಖಾತೆಯಿಂದ ದುಡ್ಡು ಹೋಗ್ತಾನೇ ಇತ್ತು.

"ಫೀಸ್ ಕಂತು ಅಂದಿದ್ರು ಅಣ್ಣಾ, ಸಾಲ ಅನ್ಲಿಲ್ಲ."

ಅವಳ ಮೇಲ್‌ನಲ್ಲಿದ್ದ ಪಿಡಿಎಫ್ ತೆಗೆದು ನೋಡಿದೆವು. ಕೋರ್ಸ್ ಮಾರಿದವರು ಒಬ್ಬರು, ಸಾಲ ಕೊಟ್ಟ ಫೈನಾನ್ಸ್ ಕಂಪನಿ ಇನ್ನೊಂದು. ಆ ಎರಡನೇ ಹೆಸರನ್ನು ಮನೆಯಲ್ಲಿ ಯಾರೂ ಕೇಳೇ ಇರಲಿಲ್ಲ. ಒಟಿಪಿ ಹೇಳಿದ್ದು ಮಾತ್ರ ಚಿಕ್ಕಪ್ಪನೇ.

ಆನ್‌ಲೈನ್ ಕೋರ್ಸ್ ದುಬಾರಿ ಅಂತ ಎಲ್ಲರೂ ಬೈತೀವಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ದುಡ್ಡು ಹರಿಯುವ ದಾರಿ. ಡಿಜಿಟಲ್ ಸಾಲದ ಹಣ ಸಾಲಗಾರನ ಖಾತೆಗೇ ಬೀಳಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಆದರೆ ನಿರ್ದಿಷ್ಟ ಉದ್ದೇಶದ ಸಾಲವಾದರೆ ನೇರವಾಗಿ ಮಾರುವವರಿಗೇ ಕೊಡಬಹುದು ಅನ್ನೋ ವಿನಾಯಿತಿ ಇದೆ. ಅಂದರೆ ಕೋರ್ಸ್ ಕಂಪನಿಗೆ ದುಡ್ಡು ಶುರುವಿನಲ್ಲೇ ಸೇರಿಹೋಗುತ್ತೆ, ತಿಂಗಳು ತಿಂಗಳು ತೀರಿಸೋದು ನಮ್ಮ ಪಾಲು. ನೀವು ಮೂರನೇ ಕ್ಲಾಸಿಗೆ ಬಂದ್ರಾ, ಇಲ್ವಾ ಅನ್ನೋದರಲ್ಲಿ ಆಮೇಲೆ ಯಾರಿಗೆ ಆಸಕ್ತಿ ಇರುತ್ತೆ? ಇದರ ಮೇಲೆ 18% ಜಿಎಸ್‌ಟಿ ಬೇರೆ. ಮಾನ್ಯತೆ ಇರುವ ಕಾಲೇಜಿನ ಡಿಗ್ರಿ ಫೀಸಿಗೆ ಆ ತೆರಿಗೆ ಇಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. 2021ರ ಡಿಸೆಂಬರ್‌ನಲ್ಲೇ ಕೇಂದ್ರ ಶಿಕ್ಷಣ ಸಚಿವಾಲಯ ಎಡ್‌ಟೆಕ್ ಕಂಪನಿಗಳ ಆಟೋ ಡೆಬಿಟ್ ಬಗ್ಗೆ ಹುಷಾರಾಗಿರಿ ಅಂತ ಪೋಷಕರಿಗೆ ಸಲಹೆ ಕೊಟ್ಟಿತು. ಸಲಹೆ ಕೊಟ್ಟಿದ್ದು ಮೋಸ ಹೋಗುವವರಿಗೆ ಅನ್ನೋದನ್ನ ಗಮನಿಸಿ.

ಹಾಗಂತ ಬೇರೆ ದಾರಿ ಇಲ್ಲ ಅಂತಲ್ಲ. ಸ್ವಯಂ ಪೋರ್ಟಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೋಬೇಕು ಅಂದ್ರೆ ಮಾತ್ರ ಶುಲ್ಕ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ 40%ವರೆಗಿನ ಕೋರ್ಸ್‌ಗಳನ್ನು ಅಲ್ಲೇ ಓದಿ ಕ್ರೆಡಿಟ್ ಪಡೆಯಬಹುದು. ನನ್ನ ತಂಗಿ ಓದಿದ ಕಾಲೇಜಿನಲ್ಲಿ ಇದನ್ನು ಒಬ್ಬರೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ಅದನ್ನೇ ಆರಿಸುತ್ತಿದ್ದಳಾ, ಗೊತ್ತಿಲ್ಲ. ಸ್ವಯಂನವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ "ಪ್ಲೇಸ್‌ಮೆಂಟ್ ಗ್ಯಾರಂಟಿ ಮೇಡಂ" ಅನ್ನಲ್ಲ. ಅವಳು ದುಡ್ಡು ಕೊಟ್ಟಿದ್ದು ಪಾಠಕ್ಕಲ್ಲ, ಆ ಮಾತಿಗೆ.

ನೀವೂ ಸಿಕ್ಕಿಕೊಂಡಿದ್ದರೆ ಮೊದಲು ಸಾಲದ ಪತ್ರದಲ್ಲಿ 'ಕೂಲಿಂಗ್ ಆಫ್' ಅವಧಿ ಎಷ್ಟು ಅಂತ ನೋಡಿ. ಅಷ್ಟರೊಳಗೆ ಅಸಲು ಮತ್ತು ಅಲ್ಲಿವರೆಗಿನ ಬಡ್ಡಿ ಕೊಟ್ಟರೆ ದಂಡವಿಲ್ಲದೆ ಹೊರಬರಬಹುದು. ಅದು ಮುಗಿದಿದ್ದರೆ ಫೈನಾನ್ಸ್ ಕಂಪನಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಶುಲ್ಕ ಇಲ್ಲ.

ನಾವು ದೂರು ಕಳಿಸಿ ಹನ್ನೊಂದು ದಿನ ಆಯ್ತು. ನಡುವೆ ಒಂದು 5ನೇ ತಾರೀಕು ಬಂದು ಹೋಯ್ತು, ಕಂತೂ ಹೋಯ್ತು.