ಬಸ್ ನಿಲ್ದಾಣದ ಇಂಗ್ಲಿಷ್ ಶಾಲೆಯೊಳಗೆ ಬಾರದೇಕೆ?

ಶಿಕಾರಿಪುರ: ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಕ್ರಮ 2007-08ರಲ್ಲಿ ಜಾರಿಗೆ ಬಂದಾಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ. 2023ರ ಮೇ ತಿಂಗಳಲ್ಲಿ ಶಾಲಾ ಶಿಕ್ಷಣ ಖಾತೆ ನೆರೆಯ ಸೊರಬದ ಶಾಸಕ ಮಧು ಬಂಗಾರಪ್ಪ ಅವರಿಗೆ ದೊರೆಯಿತು. ಇಂಗ್ಲಿಷ್ ಕಲಿಕೆಯ ರಾಜಕಾರಣಕ್ಕೂ ಈ ಎರಡು ತಾಲ್ಲೂಕುಗಳಿಗೂ ನಂಟು ಹತ್ತಿರದ್ದೇ. ಆದರೆ ಇಲ್ಲಿನ ಕನ್ನಡ ಮಾಧ್ಯಮದ ಮಗುವಿಗೆ ಎಷ್ಟು ಇಂಗ್ಲಿಷ್ ಪದಗಳು ಗೊತ್ತು ಎಂಬ ಸರಳ ಪ್ರಶ್ನೆ ಮಾತ್ರ ಚರ್ಚೆಗೆ ಬರುವುದೇ ಅಪರೂಪ.

ಜಗಳವೆಲ್ಲ ಮಾಧ್ಯಮದ ಸುತ್ತ. 1994ರ ಭಾಷಾ ನೀತಿ, 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪು, 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ತೆರೆದ ಆಂಗ್ಲ ಮಾಧ್ಯಮ ವಿಭಾಗಗಳು: ಎಲ್ಲದರಲ್ಲೂ ಅದೇ ಕಥೆ.

ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಪತ್ರಿಕೆ, ಕಾದಂಬರಿಗಳನ್ನು ಅನ್ಯರ ನೆರವಿಲ್ಲದೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳ ಪರಿಚಯವಿರಬೇಕು. (ಓದು, ಓದುಗ, ಓದುವಿಕೆ ಇವು ಒಂದು ಕುಟುಂಬ ಎಂದುಕೊಳ್ಳಿ.) ಒಮ್ಮೆ ಬರೆದು ಬಾಯಿಪಾಠ ಮಾಡಿದ ಮಾತ್ರಕ್ಕೆ ಪದ ಉಳಿಯುವುದಿಲ್ಲ, ದಿನ ಬಿಟ್ಟು, ವಾರ ಬಿಟ್ಟು, ಬೇರೆ ಬೇರೆ ಸಂದರ್ಭಗಳಲ್ಲಿ ಅದು ಮತ್ತೆ ಮತ್ತೆ ಎದುರಾಗಬೇಕು. ಪ್ರಶ್ನೋತ್ತರಗಳನ್ನು ಕಪ್ಪುಹಲಗೆಯಿಂದ ನಕಲು ಮಾಡಿಕೊಳ್ಳುವ ಪದ್ಧತಿ ಇದಕ್ಕೆ ತದ್ವಿರುದ್ಧ. ಮಧು ಅವರ ತಂದೆ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಹಳ್ಳಿಯ ಮಕ್ಕಳಿಗೆ ಗ್ರಾಮೀಣ ಕೃಪಾಂಕ ತಂದರು. ಪದಸಂಪತ್ತಿಗೆ ಕೃಪಾಂಕವಿಲ್ಲ!

ಹಾಗೆಂದು ಮಗು ಬರಿಗೈಯಲ್ಲಿ ಶಾಲೆಗೆ ಬರುತ್ತದೆಯೇ? ಇಲ್ಲ. ಬಸ್ಸು, ಟಿಕೆಟ್ಟು, ಸೀಟು, ಚಿಲ್ಲರೆಗೆ ಚೇಂಜು. ಹೊಲದಲ್ಲಿ ಪಂಪ್‌ಸೆಟ್, ಪೈಪು, ಮೋಟಾರು. ಮನೆಯಲ್ಲಿ ಗ್ಯಾಸು, ಕುಕ್ಕರು, ಚಾರ್ಜರು. ಜಪಾನಿನಲ್ಲಿ ಇಂಥದೇ ಎರವಲು ಪದಗಳನ್ನು ಅಧ್ಯಯನ ಮಾಡಿದ ಫ್ರಾಂಕ್ ಡಾಲ್ಟನ್, ಅತಿ ಬಳಕೆಯ ಮೂರು ಸಾವಿರ ಇಂಗ್ಲಿಷ್ ಪದಕುಟುಂಬಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟಕ್ಕೆ ಜಪಾನಿ ಭಾಷೆಯಲ್ಲಿ ಎರವಲು ರೂಪಗಳಿವೆ ಎಂದು ತೋರಿಸಿದರು. ಅದು ಕಲಿಯುವವರಿಗೆ ಮೊದಲೇ ಇರುವ ಬಂಡವಾಳ ಎಂಬುದು ಅವರ ವಾದ.

ಈ ಬಂಡವಾಳದಲ್ಲಿ ಖೋಟಾ ನಾಣ್ಯಗಳೂ ಉಂಟು. ನಮ್ಮಲ್ಲಿ ಹೋಟೆಲ್ ಎಂದರೆ ತಿಂಡಿ ತಿನ್ನುವ ಜಾಗ, ಕಟಿಂಗ್ ಎಂದರೆ ಕ್ಷೌರ. ವಿದ್ಯುತ್ತನ್ನೇ ಕರೆಂಟ್ ಎಂದು ಬಲ್ಲ ಹುಡುಗ, ನದಿಯ ಸೆಳೆತಕ್ಕೂ ಅದೇ ಪದ ಬಂದಾಗ ಕಕ್ಕಾಬಿಕ್ಕಿಯಾಗುತ್ತಾನೆ. ಈ ವ್ಯತ್ಯಾಸವನ್ನು ವಿವರಿಸಲು ಕನ್ನಡ ಬಲ್ಲ ಶಿಕ್ಷಕರೇ ತಕ್ಕವರು. ತರಗತಿಯಿಂದ ಕನ್ನಡವನ್ನು ಹೊರಗಟ್ಟಿದರೆ ಇಂಗ್ಲಿಷ್ ಬರುತ್ತದೆಂಬ ನಂಬಿಕೆ ಇಲ್ಲಿ ಮುಗ್ಗರಿಸುತ್ತದೆ.

ಇದೇನೂ ಕೇಳರಿಯದ ಮಾತಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಬೆಂಗಳೂರಿನ ಹೆಸರಿನಿಂದಲೇ ಪ್ರಸಿದ್ಧವಾದ ಪ್ರಯೋಗದಲ್ಲಿ ರೈಲು ವೇಳಾಪಟ್ಟಿ, ನಕಾಶೆಗಳೇ ಇಂಗ್ಲಿಷ್ ಪಾಠಗಳಾಗಿದ್ದವು. ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಬರುವ ಬಸ್ಸುಗಳ ವೇಳಾಪಟ್ಟಿಯೂ ಪಾಠವಾದೀತು. ಅದಕ್ಕೆ ಮುನ್ನ ಒಂದನೇ ತರಗತಿಗೆ ಕಾಲಿಡುವ ಮಗುವಿನ ಬಾಯಲ್ಲಿ ಆಗಲೇ ಇರುವ ಇಂಗ್ಲಿಷ್ ಪದಗಳನ್ನು ತಾಲ್ಲೂಕುವಾರು ಪಟ್ಟಿ ಮಾಡುವ ಕೆಲಸವಾಗಬೇಕು.